ನೀರುನಾಯಿ ತಂಡದ ಸಲಹೆಗಾರ

ಜಪಾನಿನ ಕಡಲ ದಡದ ನಮ್ಮ ತೊಮಿಹಾಮಾ ಊರಿನ ಬೇಸ್‌ಬಾಲ್ ತಂಡಕ್ಕೆ ನೀರುನಾಯಿ ಎಂದು ಹೆಸರು. ಆರು ವರ್ಷಗಳಿಂದ ಅದು ಪಟ್ಟಿಯ ತಳ ಬಿಟ್ಟು ಮೇಲಕ್ಕೆ ಬಂದಿರಲಿಲ್ಲ. ನೀರುನಾಯಿ ಎಂದ ಮೇಲೆ ತಳದಲ್ಲಿರುವುದೇ ಅದರ ಸ್ವಭಾವ ಎಂದು ಊರಿನವರೂ ಸಮಾಧಾನ ಮಾಡಿಕೊಂಡಿದ್ದರು. ಆದರೂ ಏಪ್ರಿಲ್ ಬಂದು ಹೊಸ ಪಂದ್ಯಾವಳಿ ಶುರುವಾಯಿತೆಂದರೆ ಹಿಂದಿನ ವರ್ಷದ ನೆನಪೆಲ್ಲ ಹೇಗೋ ಅಳಿಸಿಹೋಗಿ, "ಈ ಸಲ ನೋಡ್ತಾ ಇರಿ" ಎಂದು ನಮ್ಮ ಅಂಗಡಿಬೀದಿಯವರೆಲ್ಲ ಮೀಸೆ ತಿರುವುತ್ತಾರೆ. ಮೀಸೆ ಇಲ್ಲದವರು ಗಲ್ಲ ಸವರಿಕೊಳ್ಳುತ್ತಾರೆ. ನಾನು ಆ ಬೀದಿಯ ಕ್ಷೌರದಂಗಡಿಯ ಸೆಕಿನೆ. ಮೀಸೆ, ಗಲ್ಲ ಎರಡೂ ನನ್ನ ಕೈಕೆಳಗೇ ಹಾದುಹೋಗುವುದರಿಂದ ಈ ವಿಷಯದಲ್ಲಿ ನನ್ನ ಮಾತನ್ನು ನಂಬಬಹುದು.

ಆ ವರ್ಷ ತಂಡಕ್ಕೆ ಹೊಸ ಕೋಚ್ ಬಂದಿದ್ದರು. ಹೆಸರು ಇಸೊಗಾಯ್. ಬಾಲ್ಯದಲ್ಲಿ ಇದೇ ಊರಿನ ಗುಡ್ಡದ ಶಾಲೆಯಲ್ಲಿ ಮೂರು ವರ್ಷ ಓದಿದ್ದರಂತೆ. ಆ ಸಂಗತಿಯನ್ನು ಅವರು ಟೀವಿಯಲ್ಲಿ ಹೇಳಿದ ದಿನವೇ ನಮ್ಮ ಕಥೆ ಶುರುವಾಗುತ್ತದೆ.

ನನ್ನ ಎರಡು ಕುರ್ಚಿಗಳಲ್ಲಿ ಅಂದು ಇಬ್ಬರು ಕೂತಿದ್ದರು. ಒಬ್ಬರು ಮೀನಂಗಡಿಯ ಗೊಂದೊ, ಅಂಗಡಿಬೀದಿ ಸಂಘದ ಅಧ್ಯಕ್ಷರು. ಅವರು ಗುಟ್ಟು ಹೇಳಿದರೆ ಬಂದರಿನ ಆಚೆ ದಡದವರಿಗೂ ಕೇಳಿಸುತ್ತದೆ. ಇನ್ನೊಬ್ಬರು ಮುದ್ರೆ ಕೆತ್ತುವ ಮೊಟೆಗಿ. ಬ್ಯಾಂಕಿಗೆ, ಕಚೇರಿಗೆ ಬೇಕಾದ ಹೆಸರಿನ ಮುದ್ರೆಗಳನ್ನು ಕಟ್ಟಿಗೆಯಲ್ಲಿ ಕೆತ್ತಿಕೊಡುವುದು ಅವರ ಕಸುಬು. ಮೂವತ್ತು ವರ್ಷ ಅಕ್ಷರಗಳನ್ನು ತಿರುಗುಮುರುಗಾಗಿ ಕೆತ್ತಿ ಕೆತ್ತಿ ಅವರಿಗೆ ಎಡ ಯಾವುದು, ಬಲ ಯಾವುದು ಎಂಬುದೇ ಗೊಂದಲವಾಗಿಬಿಟ್ಟಿತ್ತು. ರೈಲ್ವೆ ಸ್ಟೇಷನ್ನಿಗೆ ದಾರಿ ಕೇಳಿದ ಮದುಮಕ್ಕಳನ್ನು ಸ್ಮಶಾನಕ್ಕೆ ಕಳಿಸಿದ ಕೀರ್ತಿ ಅವರದು. ಮನುಷ್ಯ ಮಾತ್ರ ಅಪ್ಪಟ ಸಾಧು.

ಟೀವಿಯಲ್ಲಿ ಅಭ್ಯಾಸ ಪಂದ್ಯ ನಡೆಯುತ್ತಿತ್ತು. ಮೊಟೆಗಿ ಮುಖದ ಮೇಲಿನ ಬಿಸಿ ಟವೆಲನ್ನು ಒಂಚೂರು ಸರಿಸಿ ನೋಡಿ ಕೇಳಿದರು:

"ಅಲ್ಲಾ, ದಾಂಡಿಗನ ಹಿಂದೆ ಕುಕ್ಕರಗಾಲಲ್ಲಿ ಕೂತಿದಾನಲ್ಲ, ಪಾಪ, ಅವನಿಗೆ ಯಾರಾದ್ರೂ ಒಂದು ಸ್ಟೂಲು ಕೊಡಬಾರದಾ?"

ಗೊಂದೊ ನಕ್ಕ ರಭಸಕ್ಕೆ ನನ್ನ ಕತ್ತರಿ ಅವರ ಕಿವಿಯ ಪಕ್ಕದಲ್ಲಿ ಒಂದು ಹಿಡಿ ಕೂದಲನ್ನು ಅನವಶ್ಯಕವಾಗಿ ತೆಗೆಯಿತು.

"ಸ್ಟೂಲಂತೆ! ಅದು ಕ್ಯಾಚರ್ ಕಣ್ರೀ, ಹಿಂದೆ ಕೂತು ಚೆಂಡು ಹಿಡಿಯೋನು! ಸೆಕಿನೆ, ಕೇಳಿಸ್ಕೊಂಡ್ಯಾ? ಮೊಟೆಗಿ ಸಾನ್, ನೀವು ಮುದ್ರೆ ಕೆತ್ಕೊಂಡು ಇದ್ದುಬಿಡಿ. ಬೇಸ್‌ಬಾಲ್ ಗಂಡಸರ ವಿಷಯ."

ಸಾಧು ಮನುಷ್ಯನಿಗೂ ಒಂದು ನರ ಇರುತ್ತದೆ. ಹೆಸರಿಗೆ ಗೌರವದ 'ಸಾನ್' ಸೇರಿಸಿಕೊಂಡೇ ಗೊಂದೊ ಅದನ್ನು ಮೀಟಿದ್ದರು. ಮೊಟೆಗಿಯವರ ಮುಖ ಟವೆಲಿಗಿಂತ ಬಿಸಿಯಾಯಿತು. ಆಗಲೇ ಟೀವಿಯಲ್ಲಿ ಇಸೊಗಾಯ್ ಕಾಣಿಸಿಕೊಂಡು ಗುಡ್ಡದ ಶಾಲೆಯ ಮಾತೆತ್ತಿದರು.

"ಇಸೊಗಾಯ್ ತಾನೇ?" ಎಂದರು ಮೊಟೆಗಿ, ಚಾವಣಿ ನೋಡುತ್ತ. "ನನ್ನ ಪಕ್ಕದಲ್ಲೇ ಕೂತ್ಕೋತಿದ್ದ. ಚೆಂಡು ಹಿಡಿಯೋದು ಹೆಂಗೆ ಅಂತ ಅವನಿಗೆ ತೋರಿಸಿಕೊಟ್ಟವನೇ ನಾನು."

ನಿಜ ಏನೆಂದರೆ ಮೊಟೆಗಿ ಅದೇ ಶಾಲೆಯವರು, ಆದರೆ ಒಂದು ತರಗತಿ ಮುಂದೆ. ಇಬ್ಬರೂ ಪರಸ್ಪರ ಒಂದು ಮಾತಾಡಿದವರಲ್ಲ. ಇದನ್ನು ಅವರು ನನಗೆ ಹೇಳಿದ್ದು ಆಮೇಲೆ, ಅಳುವ ಧ್ವನಿಯಲ್ಲಿ.

"ಹಂಗಾದ್ರೆ ಹೇಳಿ," ಎಂದರು ಗೊಂದೊ. ಧ್ವನಿ ಅರ್ಧಕ್ಕೆ ಇಳಿದಿತ್ತು. "ಮೊದಲನೇ ಪಂದ್ಯ ಏನಾಗುತ್ತೆ?"

"ಗೆಲ್ತಾನೆ. ನನಗೆ ಗೊತ್ತಿರೋ ಇಸೊಗಾಯ್ ಆದ್ರೆ ಗೆಲ್ತಾನೆ."

ಗೆದ್ದರು. ಎರಡನೆಯದನ್ನೂ ಗೆದ್ದರು. ಮೂರನೆಯದನ್ನು ಹೊರ ಊರಿನಲ್ಲಿ ಗೆದ್ದರು. ನೀರುನಾಯಿ ತಂಡ ಸತತ ಮೂರು ಪಂದ್ಯ ಗೆದ್ದದ್ದನ್ನು ಕಂಡ ಹಿರಿಯರು ನಮ್ಮ ಬೀದಿಯಲ್ಲಿ ಇಬ್ಬರೇ ಇದ್ದರು, ಅವರಲ್ಲಿ ಒಬ್ಬರಿಗೆ ಮರೆವಿನ ಕಾಯಿಲೆ. ಗೊಂದೊ ಸ್ವತಃ ಶುಭಕ್ಕೆಂದು ಕೊಡುವ ಒಂದು ದೊಡ್ಡ ಕೆಂಪು ಮೀನನ್ನು ತಟ್ಟೆಯಲ್ಲಿಟ್ಟುಕೊಂಡು ಮುದ್ರೆ ಅಂಗಡಿಗೆ ಹೋಗಿ ಒಪ್ಪಿಸಿ ಬಂದರು. ಮೊಟೆಗಿಯವರ ಹೆಂಡತಿ ತಮಿಕೊ ಆ ಮೀನನ್ನೂ ಗಂಡನನ್ನೂ ಒಂದೇ ಬಗೆಯ ಸಂಶಯದಿಂದ ನೋಡಿದರು.

"ರೀ, ಇದು ಯಾಕೆ ಬಂತು?"

"ಸ್ನೇಹಕ್ಕೆ."

"ಗೊಂದೊ ಸಾನ್‌ಗೆ ನಿಮ್ಮ ಮೇಲೆ ಸ್ನೇಹವಾ? ಮೀನು ಕೆಟ್ಟಿದೆಯಾ ನೋಡ್ತೀನಿ ತಾಳಿ."

ಮೀನು ತಾಜಾ ಆಗಿತ್ತು. ತಮಿಕೊ ಅವರ ಸಂಶಯ ಇನ್ನೂ ಹೆಚ್ಚಾಯಿತು.

ಆಮೇಲೆ ನೀರುನಾಯಿಗಳಿಗೆ ತಾವು ಯಾರು ಎಂಬುದು ನೆನಪಾಯಿತು. ಸಾಲಾಗಿ ಐದು ಸೋಲು. ಐದನೆಯದರಲ್ಲಿ ನಮ್ಮ ನಾಲ್ಕನೇ ದಾಂಡಿಗ ಹಿಮೆನೊ ನಾಲ್ಕು ಸಲ ಬ್ಯಾಟ್ ಹಿಡಿದು ಬಂದು ನಾಲ್ಕು ಸಲವೂ ಗಾಳಿಗೇ ಹೊಡೆದ. ತಂಡದ ಅತ್ಯಂತ ಬಲಶಾಲಿಯನ್ನೇ ನಾಲ್ಕನೆಯವನಾಗಿ ಕಳಿಸುವುದು ರೂಢಿ. ಹಿಮೆನೊಗೆ ಬಲ ಇತ್ತು, ಚೆಂಡು ಮಾತ್ರ ಸಿಗುತ್ತಿರಲಿಲ್ಲ.

ಮರುದಿನ ಬೆಳಗ್ಗೆ ಮೊಟೆಗಿ ಕ್ಷೌರಕ್ಕೆ ಕೂತಿದ್ದಾಗಲೇ ಗೊಂದೊ ಐದಾರು ಜನರೊಂದಿಗೆ ನುಗ್ಗಿದರು.

"ಮೊಟೆಗಿ ಸಾನ್, ಸಾಕು ನಿಮ್ಮ ಮೌನ. ಫೋನ್ ಮಾಡಿ."

"ಯಾರಿಗೆ?"

"ಯಾರಿಗೆ ಅಂದ್ರೆ! ನಿಮ್ಮ ಇಸೊಗಾಯ್‌ಗೆ! ಹಿಮೆನೊನ ಬೆಂಚಿಗೆ ಕೂರಿಸಿ ಅನ್ನಿ. ಅವನು ಬ್ಯಾಟ್ ಬೀಸ್ತಾನೋ ನೊಣ ಓಡಿಸ್ತಾನೋ ಗೊತ್ತಾಗ್ತಿಲ್ಲ."

"ಅವನಿಗೆ ಪುರುಸೊತ್ತು ಇರಲ್ಲ..."

"ಚೆಂಡು ಹಿಡಿಯೋದು ಹೇಳಿಕೊಟ್ಟವರಿಗೆ ಎರಡು ನಿಮಿಷ ಕೊಡಲ್ವಾ? ಸೆಕಿನೆ, ಫೋನ್ ತಾ!"

ನನ್ನ ಅಂಗಡಿಯ ಫೋನಿಗೆ ಉದ್ದನೆಯ ತಂತಿ. ಅದು ಕುರ್ಚಿಯವರೆಗೂ ಬಂತು. ಅರ್ಧ ಮುಖ ಸಾಬೂನು, ಇನ್ನರ್ಧ ಬೆವರು ಇದ್ದ ಮೊಟೆಗಿ ಮೂರೇ ಮೂರು ಅಂಕಿ ತಿರುಗಿಸಿದರು. ಅದು ಧ್ವನಿಮುದ್ರಿಕೆಯಲ್ಲಿ ಹೆಂಗಸೊಬ್ಬಳು ಸಮಯ ಹೇಳುವ ನಂಬರು. ಅವರ ಕಿವಿಯ ಹತ್ತಿರವೇ ನಿಂತಿದ್ದ ನನಗೆ ಆ ಹೆಂಗಸಿನ ಧ್ವನಿ ಸ್ಪಷ್ಟವಾಗಿ ಕೇಳಿಸಿತು: "ಈಗ ಹತ್ತು ಗಂಟೆ, ನಲವತ್ತೆರಡು ನಿಮಿಷ, ಹತ್ತು ಸೆಕೆಂಡು. ಪೀಂ."

"ಇಸೊಗಾಯ್? ನಾನಪ್ಪಾ, ಶೋಜಿ," ಎಂದು ಮೊಟೆಗಿ ತಮ್ಮ ಮನೆಯ ಹೆಸರು ಬಿಟ್ಟು ಸ್ವಂತ ಹೆಸರು ಹೇಳಿಕೊಂಡರು. "ಹೂಂ... ಹೂಂ... ಹತ್ತು, ನಲವತ್ತೆರಡು ಅಂತೀಯಾ? ಗ್ಯಾರಂಟಿನಾ?"

"ಏನದು ಹತ್ತು, ನಲವತ್ತೆರಡು?" ಎಂದು ಗೊಂದೊ ತಮ್ಮ ಲೆಕ್ಕದಲ್ಲಿ ಪಿಸುಗುಟ್ಟಿದರು. ಕಿಟಕಿಯ ಗಾಜು ಅದುರಿತು.

ಮೊಟೆಗಿ ಫೋನಿನ ಬಾಯಿ ಮುಚ್ಚಿ, "ಆಟಗಾರರ ನಂಬರು. ಹೊರಗೆ ಬಿಡಬೇಡಿ," ಎಂದರು. ಮತ್ತೆ ಫೋನಿಗೆ, "ನೋಡು, ನಾಲ್ಕನೆಯವನನ್ನ ಸ್ವಲ್ಪ ಕೂರಿಸು. ಹೂಂ. ಎಷ್ಟು ಚೆನ್ನಾಗಿ, ನಿಧಾನವಾಗಿ ಹೇಳ್ತೀಯಪ್ಪ ನೀನು. ಇಡ್ತೀನಿ."

ನಾನು ಬಾಯಿ ಬಿಡಲಿಲ್ಲ. ಕ್ಷೌರಿಕನ ಕೈಯಲ್ಲಿ ಕತ್ತಿ ಇರುವಾಗ ಕಿವಿಗೆ ಬಿದ್ದದ್ದು ಹೊರಗೆ ಹೋಗಬಾರದು ಎಂಬುದು ನಮ್ಮ ಕಸುಬಿನ ಧರ್ಮ. ಅದೂ ಅಲ್ಲದೆ, ಮುಂದೇನಾಗುತ್ತದೋ ನೋಡುವ ಆಸೆ ನನಗೂ ಇತ್ತು.

ಆ ಸಂಜೆ ಆಟಗಾರರ ಪಟ್ಟಿ ಟೀವಿಯಲ್ಲಿ ಬಂತು. ನಾಲ್ಕನೇ ಜಾಗದಲ್ಲಿ ಹಿಮೆನೊ ಇರಲಿಲ್ಲ!

ಗೊಂದೊ ಮೀನು ಕೊಯ್ಯುವ ಚಾಕು ಹಿಡಿದುಕೊಂಡೇ ಬೀದಿಗೆ ಓಡಿಬಂದು "ಕೂರಿಸಿದ್ರು! ಕೂರಿಸಿದ್ರು!" ಎಂದು ಕೂಗಿದರು. ದಾರಿಹೋಕರು ಚದುರಿದರು. ಆ ಪಂದ್ಯ ಗೆದ್ದೆವು. ಮರುದಿನವೂ ಹಿಮೆನೊ ಇಲ್ಲ, ಮರುದಿನವೂ ಗೆಲುವು. ಹೀಗೆ ನಾಲ್ಕು.

ಇನ್ನು ಮುದ್ರೆ ಅಂಗಡಿಯ ಮುಂದೆ ಸಾಲು ನಿಂತಿತು. ಯಾರಿಗೂ ಮುದ್ರೆ ಬೇಕಾಗಿರಲಿಲ್ಲ. ಒಬ್ಬ ಅಜ್ಜನಿಗೆ ಏಳನೇ ದಾಂಡಿಗನ ನಡಿಗೆ ಇಷ್ಟವಿಲ್ಲ. ಅಕ್ಕಿ ಅಂಗಡಿಯಾಕೆಗೆ ಮೈದಾನದಲ್ಲಿ ಎರಡನೇ ಬೇಸ್ ಕಾಯುವ ಹುಡುಗನಿಗೆ ತನ್ನ ಸೋದರಸೊಸೆಯನ್ನು ತೋರಿಸಬೇಕು. ಕೊನೆಗೆ ನಗರಸಭೆಯ ಮೈದಾನ ವಿಭಾಗದಿಂದ ಕನ್ನಡಕದ ಅಧಿಕಾರಿಯೊಬ್ಬರು ಮೂರು ಪ್ರತಿ ಅರ್ಜಿ ಹಿಡಿದು ಬಂದರು.

"ಬಲಗಡೆಗೆ ಬೇಲಿ ದಾಟಿಸಿ ಹೊಡೆಯುವ ಹೋಮ್ ರನ್‌ಗಳು ಸಾರ್ವಜನಿಕ ಸ್ನಾನದ ಮನೆಯ ಹೆಂಚಿನ ಮೇಲೆ, ಅದರಲ್ಲೂ ಮಹಿಳಾ ವಿಭಾಗದ ಮೇಲೆ ಬೀಳುತ್ತಿವೆ," ಎಂದು ಅವರು ಓದಿದರು. "ಆದಕಾರಣ ಇನ್ನು ಮುಂದೆ ಎಡಗಡೆಗೆ ಹೊಡೆಯುವಂತೆ ತಾವು ತಂಡಕ್ಕೆ ಸೂಚಿಸಬೇಕು."

"ಎಡ ಅಂದ್ರೆ ಯಾವ ಕಡೆ?" ಎಂದು ಮೊಟೆಗಿ ಪ್ರಾಮಾಣಿಕವಾಗಿ ಕೇಳಿದರು.

ಅಧಿಕಾರಿಯ ಕಣ್ಣು ಅರಳಿತು. "ನಿಜ! ದಾಂಡಿಗನ ಎಡವೋ, ನೋಡುವವರ ಎಡವೋ? ಇಂಥ ಪ್ರಶ್ನೆ ನಮ್ಮ ಇಲಾಖೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ." ಮೂರು ಬಾರಿ ಬಗ್ಗಿ ನಮಸ್ಕರಿಸಿ, ಅರ್ಜಿಯನ್ನು ತಿದ್ದಿಸಲು ವಾಪಸು ಒಯ್ದರು.

ಮೊಟೆಗಿಯವರಿಗೆ ಊಟ ಸೇರದಂತಾಯಿತು. ಹೊಗಳಿಕೆ ಜೀರ್ಣವಾಗುವ ಹೊಟ್ಟೆಯೇ ಬೇರೆ, ಅದು ಅವರಿಗಿರಲಿಲ್ಲ. ಅಂಥ ಹೊತ್ತಿನಲ್ಲಿ ಬಂದರು ನೊಬು ಅಮ್ಮ.

ನೊಬು ಅಮ್ಮ ಹಿಂದಿನ ಗಲ್ಲಿಯಲ್ಲಿ ಆಲೂಗಡ್ಡೆಯ ಕೊರೊಕ್ಕೆ ಕರಿದು ಮಾರುವವರು. ಎತ್ತರ ಮೊಟೆಗಿಯವರ ಎದೆಯವರೆಗೆ, ಕೋಪ ಅಲ್ಲಿಂದ ಮೇಲಕ್ಕೆ. ಹೆಚ್ಚು ಮುಖ್ಯವಾದದ್ದೆಂದರೆ, ಅವರು ದಾಂಡಿಗ ಹಿಮೆನೊನ ಹೆತ್ತ ತಾಯಿ.

"ನೀನೇನಾ ಮೊಟೆಗಿ?" ಎಂದು ಅವರು ಅಂಗಡಿಯ ಮಧ್ಯದಲ್ಲೇ ಕೂತುಬಿಟ್ಟರು. "ನನ್ನ ಮಗ ನಿನಗೇನು ಮಾಡಿದ್ದ? ಐದನೇ ವಯಸ್ಸಿಂದ ಮಳೆ, ಹಿಮ ಅನ್ನದೆ ಬ್ಯಾಟ್ ಬೀಸಿದ ಕೂಸು. ನೀನು ಕುರ್ಚೀಲಿ ಕೂತ್ಕೊಂಡು, ಮುಖಕ್ಕೆ ಸೋಪು ಹಚ್ಕೊಂಡು, ಒಂದು ಫೋನಲ್ಲಿ ಅವನ ಅನ್ನ ಕಿತ್ಕೊಂಡೆ. ಇನ್ನೊಂದು ವಾರ ಕೂತ್ರೆ ಎರಡನೇ ದರ್ಜೆ ತಂಡಕ್ಕೆ ತಳ್ತಾರಂತೆ. ಮತ್ತೆ ಫೋನ್ ಮಾಡೋವರೆಗೂ ನಾನು ಏಳಲ್ಲ."

ಅವರ ಕಣ್ಣಲ್ಲಿ ನೀರಿತ್ತು. ಅದನ್ನು ಕಂಡು ಮೊಟೆಗಿ ಉಳಿ ಬದಿಗಿಟ್ಟರು. ನೆಲಕ್ಕೆ ಮಂಡಿಯೂರಿ ಕೂತು, ಎಲ್ಲವನ್ನೂ ಹೇಳಿಬಿಟ್ಟರು: ಇಸೊಗಾಯ್ ತನಗೆ ಪರಿಚಯವೇ ಇಲ್ಲ, ಒಂದೇ ಬೆಂಚಿನಲ್ಲಿ ಕೂತದ್ದು ಸುಳ್ಳು, ಫೋನ್ ಮಾಡಿದ್ದು ಗಡಿಯಾರಕ್ಕೆ.

"ಗಡಿಯಾರಕ್ಕೆ," ಎಂದರು ನೊಬು ಅಮ್ಮ.

"ಹೌದಮ್ಮಾ."

"ಗಡಿಯಾರ ನನ್ನ ಮಗನ್ನ ಕೂರಿಸ್ತಾ?"

ಗಲಾಟೆ ಕೇಳಿ ಗೊಂದೊ ಬಂದರು. ಮೊಟೆಗಿ ಅವರ ಮುಂದೆಯೂ ಅದನ್ನೇ ಹೇಳಿದರು. ಗೊಂದೊ ಗಂಭೀರವಾಗಿ ತಲೆದೂಗಿದರು. "ಅರ್ಥ ಆಯ್ತು. ಮೇಲಿನವರು ಗುಟ್ಟು ಕಾಪಾಡು ಅಂದಿದಾರೆ. ನೋಡ್ರಪ್ಪಾ, ಇಷ್ಟು ದೊಡ್ಡ ಮನುಷ್ಯ, ತಾನು ಏನೂ ಅಲ್ಲ ಅಂತಾರೆ!" ಹೊರಗಿದ್ದವರು ಚಪ್ಪಾಳೆ ತಟ್ಟಿದರು. ಆ ಗುಂಪಿನಲ್ಲಿದ್ದ ನಾನು ಮುಂದೆ ಬಂದು, "ನನ್ನ ಕಿವಿಯಾರೆ ಕೇಳಿದ್ದೀನಿ, ಅದು ಸಮಯ ಹೇಳೋ ನಂಬರೇ," ಎಂದೆ. "ನಿನ್ನನ್ನೂ ಸೇರಿಸ್ಕೊಂಡ್ರಾ?" ಎಂದು ಗೊಂದೊ ಅಸೂಯೆಯಿಂದ ನನ್ನನ್ನು ನೋಡಿದರು.

ಒಳಗಿನಿಂದ ತಮಿಕೊ ಬಂದರು. ನನ್ನನ್ನು ಬಿಟ್ಟರೆ ಇಡೀ ಬೀದಿಯಲ್ಲಿ ಮೊಟೆಗಿಯವರ ಮಾತನ್ನು ನಂಬಿದವರು ಅವರೊಬ್ಬರೇ. ಇಪ್ಪತ್ತಾರು ವರ್ಷದ ದಾಂಪತ್ಯದಲ್ಲಿ ಗಂಡನಿಗೆ ದೊಡ್ಡವರ ಪರಿಚಯ ಇರಲು ಸಾಧ್ಯವೇ ಇಲ್ಲ ಎಂಬುದು ಅವರಿಗೆ ಖಚಿತವಾಗಿತ್ತು.

"ರೀ, ಬಾಯಲ್ಲಿ ಹೇಳಿದ ಸುಳ್ಳನ್ನ ಬಾಯಲ್ಲಿ ತಿದ್ದೋಕಾಗಲ್ಲ ಅಂತ ಕಾಣುತ್ತೆ. ನಡ್ಕೊಂಡು ಹೋಗಿ. ಆ ಕೋಚ್ ಎದುರಿಗೇ ತಪ್ಪಾಯ್ತು ಅಂದುಬನ್ನಿ. ಈ ತಾಯೀನ ಕರ್ಕೊಂಡು ಹೋಗಿ. ಸೆಕಿನೆ ಸಾನ್, ನೀವೂ ಹೋಗಿ. ಇವರೊಬ್ಬರೇ ಹೋದ್ರೆ ಸ್ಮಶಾನ ಸೇರ್ತಾರೆ."

ಮರುದಿನ ಸೋಮವಾರ. ಕ್ಷೌರದಂಗಡಿಗೂ ರಜೆ, ಪಂದ್ಯಕ್ಕೂ ರಜೆ. ತಂಡ ಹೊಳೆಯ ಬದಿಯ ಮೈದಾನದಲ್ಲಿ ಅಭ್ಯಾಸ ಮಾಡುತ್ತಿತ್ತು. ಕಾವಲುಗಾರ ನಮ್ಮನ್ನು ತಡೆದ. ನೊಬು ಅಮ್ಮ ಬಿಸಿ ಕೊರೊಕ್ಕೆಯ ಪೊಟ್ಟಣವನ್ನು ಅವನ ಕೈಗಿಟ್ಟು, ಅವನು ಅದನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುವಷ್ಟರಲ್ಲಿ ಒಳಗೆ ಹೊಕ್ಕಿದ್ದರು, ನಾವಿಬ್ಬರು ಅವರ ಹಿಂದೆ.

ಇಸೊಗಾಯ್ ಬೇಲಿಯ ಪಕ್ಕ ಒಬ್ಬರೇ ನಿಂತಿದ್ದರು. ಭಾರಿ ಆಳು. ಕಣ್ಣ ಕೆಳಗೆ ಕಪ್ಪು. ಮೊಟೆಗಿ ಎಷ್ಟು ಬಗ್ಗಿದರೆಂದರೆ ಹಣೆ ಬೇಲಿಗೆ ತಾಗಿ ಠಣ್ ಎಂದಿತು. ಬಗ್ಗಿದಲ್ಲಿಂದಲೇ, ಒಂದೇ ಉಸಿರಿಗೆ, ಬಿಸಿ ಟವೆಲಿನಿಂದ ಹಿಡಿದು ಗಡಿಯಾರದವರೆಗೆ ಎಲ್ಲ ಒಪ್ಪಿಸಿದರು.

ಇಸೊಗಾಯ್ ಕಾವಲುಗಾರ ಎಲ್ಲಿ ಎಂದು ಬಾಗಿಲತ್ತ ನೋಡಿದರು. ಪೊಲೀಸರನ್ನು ಕರೆಯುತ್ತಾರೆಯೇ ಎಂದು ನಾನು ಬಾಗಿಲಿನ ದೂರ ಅಳೆಯುತ್ತಿದ್ದೆ.

"ಅಂದ್ರೆ," ಎಂದರು ಕೊನೆಗೆ, "ನೀವು ನನಗೆ ಫೋನೇ ಮಾಡಿಲ್ಲ?"

"ಇಲ್ಲ ಸ್ವಾಮಿ."

"ಒಂದು ಸಲಾನೂ?"

"ನಿಮ್ಮ ನಂಬರು ಕೂಡ ನನಗೆ ಗೊತ್ತಿಲ್ಲ."

ಇಸೊಗಾಯ್ ಚೆಂಡಿನ ಪೆಟ್ಟಿಗೆಯ ಮೇಲೆ ಧೊಪ್ಪನೆ ಕೂತರು. "ಫೆಬ್ರವರಿಯಿಂದ ನಾನು ನೆಟ್ಟಗೆ ನಿದ್ದೆ ಮಾಡಿಲ್ಲ ಕಣ್ರೀ. ತಂಡದ ಯಜಮಾನ್ರು ಫೋನ್ ಮಾಡ್ತಾರೆ. ಅವರ ಹೆಂಡತಿ ಫೋನ್ ಮಾಡ್ತಾರೆ. ಹಲ್ಲಿನ ಡಾಕ್ಟರು ನನ್ನ ಬಾಯೊಳಗೆ ಕೈ ಹಾಕ್ಕೊಂಡು, ಚೆಂಡು ಎಸೆಯೋನನ್ನ ಬದಲಾಯಿಸಿ ಅಂತಾರೆ. ನಾನು ಆಂ ಅಂದ್ರೆ ಒಪ್ಕೊಂಡೆ ಅಂತ ತಿಳ್ಕೋತಾರೆ. ಈ ಊರಲ್ಲಿ ನನಗೆ ಫೋನ್ ಮಾಡದೇ ಇರೋ ಮನುಷ್ಯ ನೀವೊಬ್ಬರೇ!"

"ಅದಿರಲಿ, ನನ್ನ ಮಗನ್ನ ಯಾಕೆ ಕೂರಿಸಿದ್ರಿ?" ಎಂದು ನೊಬು ಅಮ್ಮ ಮುಂದೆ ಬಂದರು.

"ನಾನು ಕೂರಿಸಿದ್ದಲ್ಲಮ್ಮಾ. ಆ ದಿನ ಅವನಿಗೆ ಹೊಟ್ಟೆ ಕೆಟ್ಟಿತ್ತು. ಹಿಂದಿನ ಸಂಜೆ ಯಾರೋ ಮೂವತ್ತು ಕೊರೊಕ್ಕೆ ಕಳಿಸಿದ್ರಂತೆ, ಬಲ ಬರಲಿ ಅಂತ."

ನೊಬು ಅಮ್ಮ ಕೈಯಲ್ಲಿದ್ದ ಇನ್ನೊಂದು ಪೊಟ್ಟಣವನ್ನು ಏಪ್ರನ್ನಿನ ಹಿಂದೆ ಸರಿಸಿದರು. "ಮೂವತ್ತಲ್ಲ, ಇಪ್ಪತ್ತೆಂಟು," ಎಂದರು ಸಣ್ಣ ದನಿಯಲ್ಲಿ.

"ಈಗ ಹುಷಾರಾಗಿದಾನೆ. ಆದ್ರೆ ಅವನಿಲ್ಲದೆ ಗೆಲ್ತಾ ಇದೀವಲ್ಲ, ಬದಲಾಯಿಸೋಕೆ ಧೈರ್ಯ ಬರ್ತಿಲ್ಲ." ಇಸೊಗಾಯ್ ಮೊಟೆಗಿಯವರತ್ತ ತಿರುಗಿದರು. "ನೀವೇನಂತೀರಿ? ನಾಳೆ ಹಿಮೆನೊನ ಆಡಿಸಲಾ?"

ಗೊಂದೊ ಇಡೀ ಜನ್ಮ ಕಾದರೂ ಸಿಗದ ಪ್ರಶ್ನೆ ಅದು. ಮೊಟೆಗಿ ಹಣೆ ಉಜ್ಜಿಕೊಳ್ಳುತ್ತ ನೊಬು ಅಮ್ಮನನ್ನು ನೋಡಿದರು, ಮೈದಾನದ ಆಚೆ ತುದಿಯಲ್ಲಿ ಒಬ್ಬನೇ ಬ್ಯಾಟ್ ಬೀಸುತ್ತಿದ್ದ ಹಿಮೆನೊನನ್ನು ನೋಡಿದರು. ಆಡಿಸಿ ಎನ್ನಲು ಬಾಯಿ ತೆರೆದದ್ದೂ ನಿಜ. ಆದರೆ ಸುಳ್ಳಿನ ರುಚಿ ಆ ವೇಳೆಗೆ ಅವರಿಗೆ ಸಾಕಾಗಿತ್ತು.

"ನನಗೆ ಗೊತ್ತಿಲ್ಲ," ಎಂದರು. "ಬೇಸ್‌ಬಾಲ್ ಬಗ್ಗೆ ನನಗೆ ಏನೂ ಗೊತ್ತಿಲ್ಲ."

ಇಸೊಗಾಯ್ ಎದ್ದು ನಿಂತು ಅವರ ಎರಡೂ ಕೈ ಹಿಡಿದುಕೊಂಡರು. "ಹಿಂಗಂದವರು ನೀವೇ ಮೊದಲು. ನನಗೂ ಗೊತ್ತಿಲ್ಲ ಕಣ್ರೀ! ಯಾರಿಗೂ ಹೇಳೋಹಂಗಿಲ್ಲ. ನಡೀರಿ, ಆಡಿಸಿಯೇ ನೋಡೋಣ."

ಮಂಗಳವಾರ ಚಕ್ರವರ್ತಿಗಳ ಹುಟ್ಟುಹಬ್ಬದ ರಜೆ, ಮಧ್ಯಾಹ್ನದ ಪಂದ್ಯ. ನಮ್ಮ ಮೂವರಿಗೂ ಇಸೊಗಾಯ್ ತಂಡದ ಬೆಂಚಿನ ಹಿಂದೆಯೇ ಜಾಗ ಕೊಟ್ಟಿದ್ದರು. ಮೊಟೆಗಿ ಪಂದ್ಯ ನೋಡಲು ಮೈದಾನಕ್ಕೆ ಬಂದದ್ದು ಅದೇ ಮೊದಲು. ದೂರದ ಅಗ್ಗದ ಜಾಗದಿಂದ ಗೊಂದೊ ನಮ್ಮನ್ನು ಕಂಡು, ಕಾವಲಿನವರನ್ನು ದಬಾಯಿಸಿ ಬಂದು ಮೆಟ್ಟಿಲ ಮೇಲೆಯೇ ಕುಳಿತರು.

ಹಿಮೆನೊ ಮೂರು ಸಲ ಬಂದ, ಮೂರು ಸಲವೂ ಗಾಳಿಗೆ ಹೊಡೆದ. ನೊಬು ಅಮ್ಮ ಕೈಮುಗಿದು ಕಣ್ಣು ಮುಚ್ಚಿದ್ದರು. ಒಂಬತ್ತನೇ ಸುತ್ತು, ಅದೇ ಕೊನೆಯದು, ಹೊಡೆಯುವ ಕೊನೆಯ ಸರದಿಯೂ ನಮ್ಮದೇ; ಎರಡೂ ತಂಡಕ್ಕೆ ಮೂರು ಮೂರು ಓಟ, ಮೂರು ಬೇಸ್‌ಗಳ ಮೇಲೂ ನಮ್ಮವರು. ನಾಲ್ಕನೆಯ ಸಲ ಹಿಮೆನೊ ಬಂದ.

"ಇವನನ್ನ ಮತ್ತೆ ಯಾಕೆ ಆಡಿಸಿದ್ರಿ?" ಎಂದು ಗೊಂದೊ ಮೊಟೆಗಿಯವರ ತೋಳು ಹಿಂಡಿದರು. ನೊಬು ಅಮ್ಮ ಕಣ್ಣು ತೆರೆದು ಅವರನ್ನು ನೋಡಿದರು. ಗೊಂದೊ ತಕ್ಷಣ, "ಆಡಿಸಿದ್ದು ಒಳ್ಳೇದೇ ಆಯ್ತು," ಎಂದು ತಿದ್ದಿಕೊಂಡರು.

ಎದುರಾಳಿ ಎಸೆದ ಮೊದಲನೇ ಚೆಂಡು ನೇರ ಬಂದು ಹಿಮೆನೊನ ಕುಂಡೆಗೆ ಬಡಿಯಿತು. ಇಡೀ ಮೈದಾನ ಕೇಕೆ ಹಾಕಿ ಎದ್ದಿತು.

"ಅಯ್ಯೋ ನನ್ನ ಕೂಸು!" ಎಂದು ನೊಬು ಅಮ್ಮ ಬೇಲಿ ಹತ್ತತೊಡಗಿದರು. ಮೊಟೆಗಿ ಗಾಬರಿಯಾಗಿ, "ಹುಡುಗನಿಗೆ ಪೆಟ್ಟು ಬಿದ್ದಿದೆ, ನೀವೆಲ್ಲ ಕುಣೀತೀರಲ್ರೀ?" ಎಂದರು.

"ಗೆದ್ವಿ ಕಣ್ರೀ!" ಗೊಂದೊ ಅವರನ್ನು ಎತ್ತಿಕೊಂಡೇಬಿಟ್ಟಿದ್ದರು. "ಚೆಂಡು ಮೈಗೆ ತಾಗಿದ್ರೆ ಸುಮ್ನೆ ಮೊದಲನೇ ಬೇಸ್‌ಗೆ ನಡೆದುಹೋಗಬಹುದು! ಮುಂದಿರೋರೆಲ್ಲ ಒಂದೊಂದು ಬೇಸ್ ಮುಂದೆ! ಮೂರನೆಯವನು ಒಳಗೆ ಬಂದ, ಓಟ ಬಂತು, ಆಟ ಮುಗೀತು!"

ಮೊಟೆಗಿ ಗಾಳಿಯಲ್ಲೇ ಒಂದು ಕ್ಷಣ ಯೋಚಿಸಿದರು. ಆಮೇಲೆ ಅವರ ಮುಖ ಅರಳಿತು. "ಅಂದ್ರೆ ಸುಮ್ನೆ ನಿಂತೇ ಗೆದ್ದನಾ? ಭಲೇ! ಎಂಥ ಒಳ್ಳೇ ಆಟ ಇದು!" ಎಂದು, ತಮ್ಮನ್ನು ಎತ್ತಿಕೊಂಡಿದ್ದ ಗೊಂದೊ ಅವರ ನೆತ್ತಿಗೆ ಪಟಪಟ ತಟ್ಟಿದರು. ಕೆಳಗೆ ಹಿಮೆನೊ ಒಂದು ಕೈಯಲ್ಲಿ ಕುಂಡೆ ಉಜ್ಜಿಕೊಳ್ಳುತ್ತ, ಇನ್ನೊಂದನ್ನು ತಾಯಿಯತ್ತ ಬೀಸುತ್ತ ಬೇಸ್‌ಗೆ ನಡೆಯುತ್ತಿದ್ದ. ಇಸೊಗಾಯ್ ಬೆಂಚಿನಿಂದ ಹೊರಬಂದು, ನಮ್ಮ ಕಡೆ ತಿರುಗಿ, ಮೊಟೆಗಿಯವರಿಗೆ ಟೋಪಿ ತೆಗೆದು ಬಗ್ಗಿ ನಮಸ್ಕರಿಸಿದರು. ಟೀವಿಯವರು ಅದನ್ನು ಎರಡು ಸಲ ತೋರಿಸಿದರಂತೆ.

ಅಲ್ಲಿಗೆ ಸತ್ಯ ಹೇಳುವ ಕೊನೆಯ ಅವಕಾಶವೂ ಹೋಯಿತು. ಈಗ ನೀರುನಾಯಿಗಳು ಕೆಳಗಿನಿಂದ ಎರಡನೆಯವರು. ಊರು ಹಬ್ಬದಂತಿದೆ. ಪ್ರತಿ ಸೋಮವಾರ ಬೆಳಗ್ಗೆ ಮುದ್ರೆ ಅಂಗಡಿಯ ಫೋನು ರಿಂಗಾಗುತ್ತದೆ. ಮೊನ್ನೆ ನಾನು ಅಲ್ಲೇ ಇದ್ದೆ. ತಮಿಕೊ ಎತ್ತಿದರು.

"ರೀ, ಇಸೊಗಾಯ್ ಸಾನ್. ನಾಳೆ ಚೆಂಡು ಎಸೆಯೋಕೆ ಯಾರನ್ನ ಬಿಡಲಿ ಅಂತ ಕೇಳ್ತಿದಾರೆ."

ಮೊಟೆಗಿ ಉಳಿಯಿಂದ ಕಣ್ಣೆತ್ತಲಿಲ್ಲ. "ನನಗೆ ಗೊತ್ತಿಲ್ಲ ಅನ್ನು."

ತಮಿಕೊ ಹಾಗೆಯೇ ಹೇಳಿ, ಒಂದು ಗಳಿಗೆ ಕಿವಿಗೊಟ್ಟು, ಫೋನಿಟ್ಟರು.

"ಏನಂದ?"

"ಎದೆ ಹಗುರಾಯ್ತಂತೆ. ಮುಂದಿನ ವಾರಾನೂ ನೀವು ಹಿಂಗೇ ಹೇಳಬೇಕಂತೆ."